ಒಂದರ ಒಡಲಲ್ಲಿ ಇನ್ನೊಂದರ ಇಂಜಿನು

ಬಂದಡ್ಕ, ಪಾಣತ್ತೂರು ಕಡೆಯ ಏರುದಾರಿಗಳಲ್ಲಿ ವರ್ಷಗಟ್ಟಲೆ ಜೀಪಿನಲ್ಲಿ ಓಡಾಡಿದ ಹಳಬರಿಗೆ ಒಂದು ವಿದ್ಯೆ ಗೊತ್ತು. ಗಾಡಿ ಇನ್ನೂ ತಿರುವಿನ ಆಚೆಗಿರುವಾಗಲೇ, ಬರುತ್ತಿರುವುದು ಪೆಟ್ರೋಲು ಜೀಪೋ ಡೀಸೆಲು ಜೀಪೋ ಎಂದು ಸದ್ದಿನಿಂದಲೇ ಹೇಳಿಬಿಡುತ್ತಾರೆ. ಅದರಲ್ಲಿ ಇನ್ನಷ್ಟು ಪಳಗಿದವರು ಗಾಡಿ ಕಣ್ಣಿಗೆ ಬಿದ್ದ ಮೇಲೆ ಅದರ ಮೂತಿಯನ್ನು ನೋಡಿ, ಮತ್ತೊಮ್ಮೆ ಕಿವಿಗೊಟ್ಟು, ಮೈ ಒಬ್ಬರದು ಗುಂಡಿಗೆ ಇನ್ನೊಬ್ಬರದು ಎಂದು ನಗುವುದೂ ಉಂಟು. ಈ ನಗುವಿನ ಹಿಂದೆ ದೊಡ್ಡ ಕಥೆಯಿದೆ. ಅದು ಕಾಸರಗೋಡಿನ ಗುಡ್ಡಗಳಲ್ಲಿ ಮಾತ್ರ ನಡೆದದ್ದಲ್ಲ, ಇಂಗ್ಲೆಂಡು ಅಮೆರಿಕಗಳ ಹೆಸರಾಂತ ಸ್ಪೋರ್ಟ್ಸ್ ಕಾರುಗಳಿಗೂ ಸೇರಿದ್ದು.

ಇಂಜಿನು ಬದಲಿಸುವುದು ಎಂದರೆ ನಮ್ಮ ಗ್ಯಾರೇಜುಗಳಲ್ಲಿ ಬೇರೆ ಬೇರೆ ಅರ್ಥಗಳಿವೆ. ಸವೆದ ಇಂಜಿನನ್ನು ಬೋರು ಮಾಡಿಸಿ ಹೊಸ ಪಿಸ್ಟನು ಹಾಕುವುದು ರಿಪೇರಿ. ಅದೇ ಕಂಪೆನಿಯ, ಅದೇ ನಮೂನೆಯ ಇನ್ನೊಂದು ಇಂಜಿನನ್ನು ತಂದು ಕೂರಿಸುವುದು ಬದಲಿ. ಇಲ್ಲಿ ಹೇಳಹೊರಟಿರುವುದು ಇವೆರಡೂ ಅಲ್ಲ. ಒಂದು ಕಂಪೆನಿಯ ಗಾಡಿಗೆ ಮತ್ತೊಂದು ಕಂಪೆನಿ ಬೇರಾವುದೋ ಕೆಲಸಕ್ಕೆಂದು ಮಾಡಿದ ಇಂಜಿನನ್ನು ತಂದು ಕಟ್ಟುವ ಸಾಹಸ.

ಓಟದ ಹುಚ್ಚು

ವಿದೇಶಗಳಲ್ಲಿ ಈ ಸಾಹಸಕ್ಕೆ ಮುಖ್ಯ ಕಾರಣ ವೇಗದ ಹಂಬಲ. ಇಂಗ್ಲೆಂಡಿನ ಎ.ಸಿ. ಎಂಬ ಸಣ್ಣ ಕಂಪೆನಿ ಏಸ್ ಎಂಬ ಹಗುರವಾದ, ಚೆಂದದ ತೆರೆದ ಕಾರನ್ನು ತಯಾರಿಸುತ್ತಿತ್ತು. ಅದಕ್ಕೆ ಬ್ರಿಸ್ಟಲ್ ಕಂಪೆನಿಯ 2 ಲೀಟರಿನ ಇಂಜಿನು. 1960ರ ದಶಕದ ಆರಂಭದಲ್ಲಿ ಬ್ರಿಸ್ಟಲ್‌ನವರು ಅದರ ತಯಾರಿಯನ್ನು ಕೈಬಿಡುವ ಹಂತಕ್ಕೆ ಬಂದಾಗ, ಕ್ಯಾರೋಲ್ ಶೆಲ್ಬಿ ಎಂಬ ಅಮೆರಿಕದ ಓಟಗಾರ ಫೋರ್ಡ್ ಕಂಪೆನಿಯ ಎಂಟು ಸಿಲಿಂಡರಿನ 4.2 ಲೀಟರ್ ಇಂಜಿನನ್ನು ಆ ಕಾರಿಗೆ ಹಾಕಿಸಿದ. 1962ರಲ್ಲಿ ಹೀಗೆ ಹುಟ್ಟಿದ್ದೇ ಕೋಬ್ರಾ. ಗುಬ್ಬಿಯ ಮೈಗೆ ಗಿಡುಗನ ಎದೆ ಇಟ್ಟಂತೆ.

ಎರಡು ವರ್ಷದ ಬಳಿಕ ಅದೇ ಶೆಲ್ಬಿಯ ನೆರವಿನಿಂದ ರೂಟ್ಸ್ ಕಂಪೆನಿಯ ಸನ್‌ಬೀಮ್ ಆಲ್ಪೈನ್ ಕಾರಿಗೂ ಫೋರ್ಡ್ ಇಂಜಿನು ಸೇರಿ ಟೈಗರ್ ಎಂಬ ಹೆಸರು ಬಂತು. ಆದರೆ ನಾಲ್ಕು ಸಿಲಿಂಡರಿನ ಗೂಡಿನಲ್ಲಿ ಎಂಟು ಸಿಲಿಂಡರು ಹಿಡಿಯುವುದು ಸುಲಭವೇ? ಕಾರ್ಖಾನೆಯಲ್ಲಿ ಬಣ್ಣ ಬಳಿದು ಮುಗಿಸಿದ ಮೈಯ ಒಳಗೋಡೆಯನ್ನು ದೊಡ್ಡ ಸುತ್ತಿಗೆಯಿಂದ ಬಡಿದು ಜಾಗ ಮಾಡುತ್ತಿದ್ದರು. ಹಿಂದಿನ ಒಂದು ಸ್ಪಾರ್ಕ್ ಪ್ಲಗ್ಗಿಗೆ ಬಾನೆಟ್ಟಿನ ಕಡೆಯಿಂದ ಕೈ ಹೋಗುತ್ತಿರಲಿಲ್ಲ. ಅದನ್ನು ಬಿಚ್ಚಲು ಕಾರಿನ ಒಳಗಿನಿಂದಲೇ ಒಂದು ತೂತು ಕೊರೆದು ಮುಚ್ಚಳ ಹಾಕಿದ್ದರು. ಕಂಪೆನಿಯವರೇ ಹೀಗೆ ಮಾಡಿದ ಮೇಲೆ ನಮ್ಮ ಗ್ಯಾರೇಜಿನವರು ಸುತ್ತಿಗೆ ಎತ್ತಿದರೆ ಹಾಸ್ಯ ಮಾಡುವವರು ಸ್ವಲ್ಪ ಯೋಚಿಸಬೇಕು. ಟೈಗರಿನ ಅಂತ್ಯವೂ ಸ್ವಾರಸ್ಯದ್ದೇ. ರೂಟ್ಸ್ ಕಂಪೆನಿ ಕ್ರೈಸ್ಲರಿನ ವಶವಾಯಿತು. ಎದುರಾಳಿ ಫೋರ್ಡಿನ ಇಂಜಿನನ್ನು ಮಾರಲು ಕ್ರೈಸ್ಲರಿಗೆ ಮನಸ್ಸಿಲ್ಲ, ಅವರದೇ ಇಂಜಿನು ಆ ಗೂಡಿನಲ್ಲಿ ಹಿಡಿಯುವುದಿಲ್ಲ. 1967ರಲ್ಲಿ ಟೈಗರ್ ನಿಂತುಹೋಯಿತು.

ಇದಕ್ಕೆ ವಿರುದ್ಧವಾದ ಉದಾಹರಣೆ ಎಂ.ಜಿ. ಬಿ ಕಾರು. ಅಮೆರಿಕದ ಬ್ಯೂಕ್ ಕಂಪೆನಿ 1961ರಿಂದ 1963ರ ವರೆಗೆ ಅಲ್ಯೂಮಿನಿಯಮಿನ ಒಂದು ಎಂಟು ಸಿಲಿಂಡರ್ ಇಂಜಿನನ್ನು ಮಾಡಿ ಬಿಟ್ಟುಬಿಟ್ಟಿತು. ಅದರ ಹಕ್ಕನ್ನು 1965ರಲ್ಲಿ ಇಂಗ್ಲೆಂಡಿನ ರೋವರ್ ಕೊಂಡಿತು. ಕೆನ್ ಕಾಸ್ಟೆಲೋ ಎಂಬಾತ ಆ ಇಂಜಿನನ್ನು ಎಂ.ಜಿ. ಕಾರಿಗೆ ಕೂರಿಸಿ ಮಾರತೊಡಗಿದ. ಕಂಪೆನಿಗೆ ನಾಚಿಕೆಯಾಯಿತೋ ಏನೋ, 1973ರಲ್ಲಿ ತಾನೂ ಅದೇ ಜೋಡಣೆಯನ್ನು ಮಾಡಿ ಮಾರುಕಟ್ಟೆಗೆ ತಂದಿತು. ಈ ಬದಲಾವಣೆ ಅಷ್ಟು ಚೆನ್ನಾಗಿ ಕೂಡಿಬರಲು ಕಾರಣ ಶಕ್ತಿಯಲ್ಲ, ತೂಕ. ಎಂಟು ಸಿಲಿಂಡರಿನ ಅಲ್ಯೂಮಿನಿಯಂ ಇಂಜಿನು ನಾಲ್ಕು ಸಿಲಿಂಡರಿನ ಬೀಡುಕಬ್ಬಿಣದ ಇಂಜಿನಿನಷ್ಟೇ ಹೆಚ್ಚುಕಡಿಮೆ ತೂಗುತ್ತಿತ್ತು. ಮುಂದಿನ ಸ್ಪ್ರಿಂಗಿಗೆ, ಸ್ಟಿಯರಿಂಗಿಗೆ ಹೊಸ ಭಾರ ಬೀಳಲಿಲ್ಲ.

ಮದರಾಸಿನ ದಾರಿ

ನಮ್ಮ ದೇಶದಲ್ಲಿ ಇದರ ಉಲ್ಟಾ ಪ್ರಯೋಗ ನಡೆಯಿತು. ಆ ರೋವರ್ ಕಂಪೆನಿಯೇ 1976ರಲ್ಲಿ ಅದೇ ಎಂಟು ಸಿಲಿಂಡರ್ ಇಂಜಿನು ಇಟ್ಟು ಒಂದು ಚೂಪು ಮೂತಿಯ ದೊಡ್ಡ ಕಾರನ್ನು ಹೊರತಂದಿತು. ಮುಂದಿನ ವರ್ಷ ಅದಕ್ಕೆ ಯುರೋಪಿನ ವರ್ಷದ ಕಾರು ಎಂಬ ಪ್ರಶಸ್ತಿ. ಮದರಾಸಿನ ಸ್ಟ್ಯಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್ ಕಂಪೆನಿ 1985ರಲ್ಲಿ ಅದರ ಮೈಯನ್ನು ತಂದು ಸ್ಟ್ಯಾಂಡರ್ಡ್ 2000 ಎಂದು ಹೆಸರಿಟ್ಟು ಮಾರಾಟಕ್ಕೆ ಇಟ್ಟಿತು. ಬಾನೆಟ್ಟು ತೆರೆದರೆ ಒಳಗೆ ಇದ್ದುದು ವ್ಯಾನ್‌ಗಾರ್ಡ್ ಕಾಲದ ನಾಲ್ಕು ಸಿಲಿಂಡರಿನ 1,991 ಸಿ.ಸಿ. ಇಂಜಿನು. ಮದುಮಗನ ಉಡುಪು ತೊಟ್ಟ ಅಜ್ಜ! ಕೊಂಡವರಿಗೆ ನಿರಾಶೆಯಾಯಿತು, 1988ರ ಹೊತ್ತಿಗೆ ಕಾರು ನಿಂತಿತು.

ಆದರೆ ಆ ಅಜ್ಜನ ವಂಶಾವಳಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ವ್ಯಾನ್‌ಗಾರ್ಡಿನ ಇಂಜಿನು ಎರಡನೇ ಮಹಾಯುದ್ಧ ಮುಗಿದ ಬೆನ್ನಿಗೆ ಹುಟ್ಟಿದ್ದು. ಅದೇ ಕುಟುಂಬದ ಇಂಜಿನು ಫರ್ಗ್ಯುಸನ್ ಟ್ರ್ಯಾಕ್ಟರಿನಲ್ಲಿ ಗದ್ದೆ ಉತ್ತಿತು. 1953ರಲ್ಲಿ ಅದನ್ನೇ 1,991 ಸಿ.ಸಿ.ಗೆ ಇಳಿಸಿ, ಎರಡು ಕಾರ್ಬುರೇಟರು ಕಟ್ಟಿ ಟ್ರಯಂಫ್ ಟಿ.ಆರ್. 2 ಎಂಬ ಸ್ಪೋರ್ಟ್ಸ್ ಕಾರಿಗೆ ಹಾಕಿದರು. ಆ ಕಾರನ್ನು ಇಂದು ಲಕ್ಷಗಟ್ಟಲೆ ಕೊಟ್ಟು ಕೊಳ್ಳುವವರಿದ್ದಾರೆ. ಗದ್ದೆಯಲ್ಲಿ ಒಳ್ಳೆಯದು, ಓಟದಲ್ಲಿ ಒಳ್ಳೆಯದು, ಮದರಾಸಿನ ದೊಡ್ಡ ಕಾರಿನಲ್ಲಿ ಮಾತ್ರ ಕೆಟ್ಟದ್ದು ಎಂದಾದರೆ ದೋಷ ಇಂಜಿನಿನದಲ್ಲ, ಜೋಡಿಯದು. ಹಗುರವಾದ ಎರಡು ಸೀಟಿನ ಕಾರನ್ನು ಚಿಮ್ಮಿಸುವ ಶಕ್ತಿ ಐದು ಜನರನ್ನು ಹೊತ್ತ ಭಾರದ ಕಾರನ್ನು ಎಳೆಯುವುದಕ್ಕೆ ಸಾಲದೆ ಹೋಯಿತು. ಅದೇ ಹೊತ್ತಿಗೆ ಹಿಂದುಸ್ತಾನ್ ಮೋಟರ್ಸಿನವರು ಇಂಗ್ಲೆಂಡಿನ ವಾಕ್ಸ್‌ಹಾಲ್ ಕಾರಿನ ಮೈಗೆ ಅಂಬಾಸಡರಿನ 1,489 ಸಿ.ಸಿ. ಇಂಜಿನು ಹಾಕಿ ಕೊಂಟೆಸ್ಸಾ ಮಾಡಿದರು. ಅಲ್ಲೂ ಅದೇ ದೂರು. ಬಳಿಕ ಜಪಾನಿನ ಇಸುಝು ಇಂಜಿನು ಬಂದ ಮೇಲೆಯೇ ಆ ಕಾರಿಗೆ ಜೀವ ಬಂದದ್ದು.

ಅಂಬಾಸಡರಿನ ಮಾತು ಬಂದುದರಿಂದ ಇನ್ನೊಂದು ಸಂಗತಿ. ನಾವು ಮದುವೆ ದಿಬ್ಬಣಕ್ಕೂ ಆಸ್ಪತ್ರೆಗೂ ಒಂದೇ ಸಮ ಓಡಿಸಿದ ಅಂಬಾಸಡರಿನ ಆ 1,489 ಸಿ.ಸಿ. ಇಂಜಿನು, 1955ರಲ್ಲಿ ಬಂದ ಎಂ.ಜಿ. ಎ ಎಂಬ ಸ್ಪೋರ್ಟ್ಸ್ ಕಾರಿನ ಇಂಜಿನಿನ ಸ್ವಂತ ತಮ್ಮ. ಎರಡೂ ಬಿ.ಎಂ.ಸಿ. ಕಂಪೆನಿಯ ಬಿ ವರ್ಗದವು. ಟ್ಯಾಕ್ಸಿ ನಿಲ್ದಾಣದಲ್ಲಿ ಸಾಲುಗಟ್ಟಿ ನಿಂತಿದ್ದ ಆ ಉರುಟು ಕಾರುಗಳೊಳಗೆ ಸ್ಪೋರ್ಟ್ಸ್ ಕಾರಿನ ನೆತ್ತರು ಹರಿಯುತ್ತಿತ್ತು ಎಂದರೆ ಅವುಗಳ ಡ್ರೈವರರು ನಂಬುತ್ತಿದ್ದರೋ ಇಲ್ಲವೋ.

ನಮ್ಮ ಗುಡ್ಡಗಳಲ್ಲಿ

ನಮ್ಮ ಕಡೆ ಇಂಜಿನಿಗೆ ಕೈಹಾಕಿದ್ದು ವೇಗಕ್ಕಾಗಿ ಅಲ್ಲ, ಎಣ್ಣೆಯ ಖರ್ಚಿಗಾಗಿ. ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನು ಬಂದಾಗ, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬಸ್ಸುಗಳ ಹಿಂಬದಿಗೆ ಇದ್ದಿಲಿನ ಒಲೆ ಕಟ್ಟಿ ಓಡಿಸಿದರು. ಇಂಜಿನು ಅದೇ, ಆಹಾರ ಬೇರೆ. ಏರಿನಲ್ಲಿ ದಮ್ಮು ಕಟ್ಟಿದಾಗ ಪ್ರಯಾಣಿಕರು ಇಳಿದು ನಡೆಯುವುದು ವಾಡಿಕೆಯಾಗಿತ್ತು. ಯುದ್ಧದ ನಂತರ ಪೆಟ್ರೋಲು ಲಾರಿಗಳಿಗೆ ಡೀಸೆಲು ಇಂಜಿನು ಹಾಕುವ ಕಾಲ ಬಂತು. ಇಂಗ್ಲೆಂಡಿನ ಪರ್ಕಿನ್ಸ್ ಕಂಪೆನಿ ಬೆಳೆದದ್ದೇ ಬೇರೆಯವರ ಗಾಡಿಗೆ ತನ್ನ ಇಂಜಿನು ಒದಗಿಸುವ ವ್ಯಾಪಾರದಿಂದ. ಅದರ ಆರು ಸಿಲಿಂಡರಿನ ಪಿ 6 ಇಂಜಿನನ್ನು 1950ರ ದಶಕದಲ್ಲಿ ಮದರಾಸಿನ ಸಿಂಪ್ಸನ್ ಕಂಪೆನಿಯೂ ತಯಾರಿಸತೊಡಗಿತು.

1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳ ತೈಲ ನಿರ್ಬಂಧ ಬಂತು. ಕೆಲವೇ ತಿಂಗಳಲ್ಲಿ ಕಚ್ಚಾ ಎಣ್ಣೆಯ ಬೆಲೆ ಸುಮಾರು ನಾಲ್ಕು ಪಟ್ಟಾಯಿತು. ಪೆಟ್ರೋಲು ಜೀಪು ಇಟ್ಟುಕೊಂಡವನಿಗೆ ಆ ದಿನಗಳಿಂದ ನಿದ್ದೆ ಕೆಟ್ಟಿತು. ಜೀಪಿನ ಹರಿಕೇನ್ ಇಂಜಿನು 2.2 ಲೀಟರಿನದು, ಗಟ್ಟಿಮುಟ್ಟಾದದ್ದು, ಆದರೆ ಕುಡಿತ ಜಾಸ್ತಿ. ಮಳೆಗಾಲದಲ್ಲಿ ಬಸ್ಸು ಹೋಗದ ಕಡೆ ಅಡಿಕೆ, ರಬ್ಬರು, ಬಾಣಂತಿ, ಶಾಲೆಯ ಮಕ್ಕಳು ಎಲ್ಲರನ್ನೂ ಹೊರುತ್ತಿದ್ದ ಜೀಪಿನ ಸಂಪಾದನೆ ಪೂರಾ ಪೆಟ್ರೋಲು ಬಂಕಿಗೇ ಹೋದರೆ ಸಾಲದ ಕಂತು ಕಟ್ಟುವುದು ಎಲ್ಲಿಂದ? ಡೀಸೆಲಿಗೆ ಬೆಲೆ ಕಡಿಮೆ, ಲೀಟರಿಗೆ ಓಟವೂ ಹೆಚ್ಚು. ಹೀಗೆ ಹಳೆಯ ಗಾಡಿಗೆ ಬೇರೆಯವರ ಡೀಸೆಲು ಇಂಜಿನು ಬಂದು ಕೂತಿತು.

ಮಹೀಂದ್ರದವರೇ ಮಾಡಿದ್ದೂ ಬೇರೇನಲ್ಲ. ಅವರು ಮೊದಲು ಟ್ರ್ಯಾಕ್ಟರಿನ ಬಳಗದ ಇಂಟರ್‌ನ್ಯಾಷನಲ್ ಡೀಸೆಲು ಇಂಜಿನನ್ನು ಜೀಪಿಗೆ ಕೊಟ್ಟರು. 1979ರಲ್ಲಿ ಫ್ರಾನ್ಸಿನ ಪೆಜೋ ಕಂಪೆನಿಯ ಜೊತೆ ಒಪ್ಪಂದ ಮಾಡಿಕೊಂಡು 2,112 ಸಿ.ಸಿ.ಯ ಇಂಜಿನನ್ನು ತಂದರು. ಹಾಗೆ ನೋಡಿದರೆ ನಮಗೆಲ್ಲ ಚಿರಪರಿಚಿತವಾದ ಆ ಎತ್ತರದ ಬಾನೆಟ್ಟಿನ ಜೀಪೇ ಇಂಜಿನು ಬದಲಾವಣೆಯ ಫಲ. ಯುದ್ಧಕಾಲದ ಜೀಪಿನ ಬಾನೆಟ್ಟು ತಗ್ಗಾಗಿತ್ತು. ಒಳಸೇರುವ ವಾಲ್ವು ತಲೆಯ ಮೇಲಿರುವ ಹರಿಕೇನ್ ಇಂಜಿನು ಹಳೆಯದಕ್ಕಿಂತ ಎತ್ತರ. ಅದು ಹಿಡಿಯಲೆಂದೇ ವಿಲ್ಲೀಸ್ ಕಂಪೆನಿ 1953ರ ನಮೂನೆಯಲ್ಲಿ ಬಾನೆಟ್ಟನ್ನು ಎತ್ತರಿಸಿತು. ಅಮೆರಿಕದಲ್ಲಿ ಆ ಮೂತಿ 1968ರಲ್ಲಿ ನಿಂತುಹೋದರೂ ನಮ್ಮಲ್ಲಿ ಬಹಳ ಕಾಲ ಉಳಿಯಿತು.

ಎಲ್ಲಿ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲ

ಕೆಲಸ ಗೊತ್ತಿಲ್ಲದವರು ಕೇಳುವ ಮೊದಲ ಪ್ರಶ್ನೆ, ಎಷ್ಟು ಕುದುರೆ ಶಕ್ತಿ? ಕೆಲಸ ಗೊತ್ತಿರುವ ಮೇಸ್ತ್ರಿ ಮೊದಲು ನೋಡುವುದು ಬೆಲ್ ಹೌಸಿಂಗನ್ನು, ಎಂದರೆ ಇಂಜಿನೂ ಗೇರು ಪೆಟ್ಟಿಗೆಯೂ ಮುಖಕ್ಕೆ ಮುಖ ಕೊಡುವ ಜಾಗವನ್ನು. ಎರಡರ ಬೋಲ್ಟಿನ ತೂತುಗಳು ಹೊಂದುವುದಿಲ್ಲ. ನಡುವೆ ದಪ್ಪ ಕಬ್ಬಿಣದ ತಗಡೊಂದನ್ನು ಲೇತಿನಲ್ಲಿ ಕಡೆದು ಕೂರಿಸಬೇಕು. ಇಂಜಿನಿನ ಅಚ್ಚು, ಗೇರಿನ ಅಚ್ಚು ಒಂದೇ ಗೆರೆಯಲ್ಲಿ ಇರಬೇಕು. ಕೂದಲೆಳೆಯಷ್ಟು ಓರೆಯಾದರೂ ಮೊದಲ ದಿನ ಏನೂ ತಿಳಿಯುವುದಿಲ್ಲ. ಕೆಲವು ತಿಂಗಳಲ್ಲಿ ಗೇರಿನ ಮುಂದಿನ ಬೇರಿಂಗು ಕೂಗತೊಡಗುತ್ತದೆ, ಕ್ಲಚ್ಚು ಸವೆಯುತ್ತದೆ, ಆಗ ಬೈಗುಳ ಇಂಜಿನಿಗೆ. ಕ್ಲಚ್ಚಿನ ತಟ್ಟೆಯ ಹಲ್ಲುಗಳು ಗೇರಿನ ದಂಡಕ್ಕೆ ಸೇರಬೇಕು, ತಟ್ಟೆಯ ಅಗಲ ಫ್ಲೈವೀಲಿಗೆ ಸೇರಬೇಕು. ಅದೂ ಬೇರೆ ಬೇರೆ ಕಂಪೆನಿಯ ಸಾಮಾನು ಸೇರಿಸಿ ಮಾಡುವ ಸಂಸಾರವೇ.

ಅದಾದ ಮೇಲೆ ಕೆಳಗಿನ ಎಣ್ಣೆ ತೊಟ್ಟಿ ಅಚ್ಚಿಗೆ ತಾಗುತ್ತದೆಯೇ, ಹೊಗೆ ಕೊಳವೆ ಸ್ಟಿಯರಿಂಗಿನ ದಂಡಕ್ಕೆ ಅಡ್ಡ ಬರುತ್ತದೆಯೇ, ರೇಡಿಯೇಟರಿಗೂ ಫ್ಯಾನಿಗೂ ನಡುವೆ ಬೆರಳು ಹೋಗುವಷ್ಟಾದರೂ ಜಾಗ ಉಳಿಯಿತೇ ಎಂಬ ನೂರೆಂಟು ತಾಪತ್ರಯ. ಡೀಸೆಲು ಇಂಜಿನು ಭಾರ. ಮುಂದಿನ ಪಟ್ಟಿ ಸ್ಪ್ರಿಂಗಿಗೆ ಒಂದು ಎಲೆ ಜಾಸ್ತಿ ಹಾಕದಿದ್ದರೆ ಮೂತಿ ತಗ್ಗುತ್ತದೆ. ಇಂಜಿನಿನ ನಡುಕಕ್ಕೆ ಒಳ್ಳೆಯ ರಬ್ಬರು ಕೊಡದಿದ್ದರೆ ಚೇಸಿಸ್ಸಿನಲ್ಲಿ ಬೆಸುಗೆ ಹಾಕಿದ ಜಾಗವೇ ಬಿರುಕು ಬಿಡುತ್ತದೆ.

ಬಹಳ ಜನ ಮರೆಯುವ ಲೆಕ್ಕ ಒಂದಿದೆ. ಹಳೆಯ ಜೀಪಿನ ಅಚ್ಚಿನ ಹಲ್ಲಿನ ಪ್ರಮಾಣ 5.38. ಎಂದರೆ ಟಾಪು ಗೇರಿನಲ್ಲಿ ಇಂಜಿನು 5.38 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಚಕ್ರದ ಎತ್ತರ ಸುಮಾರು 28 ಇಂಚು ಎಂದು ಹಿಡಿದರೆ, ಪೆಟ್ರೋಲು ಇಂಜಿನು ನಿಮಿಷಕ್ಕೆ 4,000 ಸುತ್ತು ಸುತ್ತುವಾಗ ಗಾಡಿ ಗಂಟೆಗೆ ಸುಮಾರು 100 ಕಿಲೋಮೀಟರು ಓಡಬೇಕು. ಅದೇ ಗಾಡಿಗೆ 2,200 ಸುತ್ತಿಗೇ ಕಡಿವಾಣ ಬೀಳುವ ಟ್ರ್ಯಾಕ್ಟರು ಇಂಜಿನು ಹಾಕಿದರೆ ಅದು 55ರಲ್ಲೇ ನಿಲ್ಲುತ್ತದೆ. ಗುಡ್ಡದ ದಾರಿಗೆ ಅಷ್ಟು ಸಾಕು. ಅಡಿಕೆ ಮೂಟೆ ಹೇರಿಕೊಂಡು ಮಂಗಳೂರಿಗೆ ಹೊರಟರೆ ಹಿಂದಿನಿಂದ ಬರುವ ಬಸ್ಸಿನವರ ಹಾರ್ನು ಕೇಳುತ್ತ ಹೋಗಬೇಕು, ಅಷ್ಟೆ.

ಇನ್ನು ಮಳೆಗಾಲದ ವಿಚಾರ. ಹಳೆಯ ಪೆಟ್ರೋಲು ಜೀಪಿನ ವೈಪರು ಇಂಜಿನಿನ ಉಸಿರೆಳೆತದಿಂದಲೇ ಆಡುತ್ತಿತ್ತು, ಅದಕ್ಕೆ ಬೇರೆ ಮೋಟಾರಿರಲಿಲ್ಲ. ಡೀಸೆಲಿನಲ್ಲಿ ಆ ಎಳೆತ ಇಲ್ಲ. ಇಂಜಿನು ಬದಲಿಸಿದ ಸಂತೋಷದಲ್ಲಿ ಇದನ್ನು ಮರೆತವರಿಗೆ ಮೊದಲ ಮಳೆಯಲ್ಲೇ ಜ್ಞಾನೋದಯ. ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮೀರಿ ಮಳೆ ಸುರಿಯುವ ಊರಿನಲ್ಲಿ ಗಾಜು ಒರಸಲು ಒಬ್ಬ ಹುಡುಗನನ್ನು ಕೂರಿಸಿಕೊಳ್ಳುವುದು ಸಾಧ್ಯವೇ? ಕೀಲಿ ತಿರುಗಿಸಿದರೆ ಇಂಜಿನು ನಿಲ್ಲುತ್ತದೆ ಎಂದು ನಂಬಿದ ಪೆಟ್ರೋಲು ಡ್ರೈವರನಿಗೂ ಹಾಗೆಯೇ. ಹಳೆಯ ಡೀಸೆಲಿಗೆ ಕೀಲಿಯ ಹಂಗಿಲ್ಲ, ಎಣ್ಣೆ ತಡೆಯುವ ಗುಂಡಿಯನ್ನು ಎಳೆದರೆ ಮಾತ್ರ ನಿಲ್ಲುತ್ತದೆ. ಕೀಲಿ ಕಿಸೆಗೆ ಹಾಕಿಕೊಂಡು ಇಳಿದವನು ಗಾಡಿ ಇನ್ನೂ ಗುಡುಗುಡು ಎನ್ನುವುದನ್ನು ಕೇಳಿ ಹಿಂದೆ ಓಡಿಬರುವುದು ನೋಡುವವರಿಗೆ ತಮಾಷೆ.

ಬ್ರೇಕಿನ ಬಗ್ಗೆ ತಮಾಷೆ ಸಲ್ಲದು. ಶಕ್ತಿ ಹೆಚ್ಚಾದರೂ ಭಾರ ಹೆಚ್ಚಾದರೂ ನಿಲ್ಲಿಸುವ ಕೆಲಸ ಹಳೆಯ ಡ್ರಮ್ಮಿನದೇ. ಸ್ಪೋರ್ಟ್ಸ್ ಕಾರಿಗೆ ದೊಡ್ಡ ಇಂಜಿನು ಕಟ್ಟುವ ವಿದೇಶೀಯರು ಇಂಜಿನಿನ ಜೊತೆಯಲ್ಲೇ ಬ್ರೇಕನ್ನೂ ಬದಲಿಸುತ್ತಾರೆ. ನಮ್ಮಲ್ಲಿ ಹಣ ಇಂಜಿನಿಗೇ ಮುಗಿಯುತ್ತಿತ್ತು, ಬ್ರೇಕು ಮುಂದಿನ ಅಡಿಕೆ ಕೊಯ್ಲಿನ ತನಕ ಕಾಯುತ್ತಿತ್ತು. ಪಾಣತ್ತೂರಿನ ಇಳಿಜಾರು ಕೊಯ್ಲಿನ ತನಕ ಕಾಯುವುದಿಲ್ಲ.

ಆರ್.ಸಿ. ಪುಸ್ತಕದ ಸಾಲು

ಇಷ್ಟೆಲ್ಲ ಸರಿಹೋದ ಮೇಲೂ ಉಳಿಯುವ ಒಂದು ಜೋಡಣೆ ಲೇತಿನಲ್ಲಿ ಆಗುವಂಥದ್ದಲ್ಲ. ಗಾಡಿಯ ಪುಸ್ತಕದಲ್ಲಿ ಚೇಸಿಸ್ ನಂಬ್ರದ ಹತ್ತಿರ ಇಂಜಿನು ನಂಬ್ರವೂ ಇಂಧನವೂ ಬರೆದಿರುತ್ತವೆ. 1939ರ ಮೋಟಾರು ವಾಹನ ಕಾಯ್ದೆಯ ಕಾಲದಲ್ಲಿ ಅಧಿಕಾರಿಗೆ ತಿಳಿಸಿ ಒಪ್ಪಿಗೆ ಪಡೆದರೆ ಬದಲಾವಣೆಯನ್ನು ಪುಸ್ತಕದಲ್ಲಿ ಬರೆಸಿಕೊಳ್ಳಬಹುದಿತ್ತು. 1988ರ ಕಾಯ್ದೆಯ 52ನೇ ಕಲಮಿಗೆ 2000ದಲ್ಲಿ ತಿದ್ದುಪಡಿಯಾದ ಮೇಲೆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ತಯಾರಕರು ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಕೂಡದು. ಅದೇ ಕಂಪೆನಿಯ ಅದೇ ನಮೂನೆಯ ಇಂಜಿನಿಗೆ, ಹಾಗೆಯೇ ಅನಿಲ, ಬ್ಯಾಟರಿ ಮುಂತಾದ ಇಂಧನಕ್ಕೆ ಮಂಜೂರಾದ ಕಿಟ್ಟು ಜೋಡಿಸುವುದಕ್ಕೆ ಮಾತ್ರ ಅವಕಾಶ ಉಳಿಯಿತು. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಇಂತಹ ಪ್ರತಿಯೊಂದು ಬದಲಾವಣೆಗೆ ಆರು ತಿಂಗಳ ವರೆಗೆ ಸಜೆ ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ.

ಸುರಕ್ಷತೆಯ ದೃಷ್ಟಿಯಿಂದ ಸರಕಾರದ ಬಿಗಿ ತಪ್ಪಲ್ಲ. ಮೇಲೆ ಹೇಳಿದ ಬ್ರೇಕಿನ ಸಂಗತಿಯೇ ಅದಕ್ಕೆ ಸಾಕ್ಷಿ. ಆದರೆ ನಲವತ್ತು ವರ್ಷ ಹಿಂದೆ ಹೊಟ್ಟೆಪಾಡಿಗಾಗಿ ಇಂಜಿನು ಬದಲಿಸಿ, ಆಗ ಪುಸ್ತಕದಲ್ಲಿ ಬರೆಸಲು ಉದಾಸೀನ ಮಾಡಿದ ತಂದೆಯ ಜೀಪು ಇಂದು ಮಗನ ಅಂಗಳದಲ್ಲಿ ನಿಂತಿದೆ ಎಂದಿಟ್ಟುಕೊಳ್ಳಿ. ಖಾಸಗಿ ವಾಹನಕ್ಕೆ 15 ವರ್ಷದ ಬಳಿಕ ಐದೈದು ವರ್ಷಕ್ಕೊಮ್ಮೆ ರಿಜಿಸ್ಟ್ರಿ ಹೊಸತು ಮಾಡಬೇಕು. ಇನ್‌ಸ್ಪೆಕ್ಟರು ಬಾನೆಟ್ಟು ಎತ್ತಿಸಿ ನಂಬ್ರ ನೋಡುತ್ತಾರೆ. ಪುಸ್ತಕದಲ್ಲಿ ಪೆಟ್ರೋಲು, ಎದುರಿಗೆ ಡೀಸೆಲು! ದಾರಿಯಲ್ಲಿ ಅಪಘಾತವಾದರಂತೂ ವಿಮೆ ಕಂಪೆನಿಗೆ ತಕರಾರು ಎತ್ತಲು ಇದಕ್ಕಿಂತ ಒಳ್ಳೆಯ ನೆಪ ಸಿಕ್ಕದು. ಆ ಗಾಡಿ ಓಡುತ್ತದೆ, ಆದರೆ ರಸ್ತೆಗೆ ಇಳಿಯಲು ಅದಕ್ಕೆ ಹಕ್ಕಿಲ್ಲ.

2021ರ ಜುಲಾಯಿಯಲ್ಲಿ ಕೇಂದ್ರ ಸರಕಾರ 50 ವರ್ಷ ಮೀರಿದ ಹಳೆಯ ವಾಹನಗಳಿಗಾಗಿ ವಿಂಟೇಜ್ ರಿಜಿಸ್ಟ್ರಿಯ ನಿಯಮ ತಂದಿತು. ನಂಬ್ರದಲ್ಲಿ ವಿ.ಎ. ಎಂಬ ಅಕ್ಷರಗಳು, ಹೊಸ ರಿಜಿಸ್ಟ್ರಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ. ಪ್ರದರ್ಶನ, ಮೆರವಣಿಗೆ ಮುಂತಾದುವುಗಳಿಗೆ ಓಡಿಸಬಹುದು, ಬಾಡಿಗೆಗೆ ಆಗದು. ಆದರೆ ಅಲ್ಲಿಯೂ ಷರತ್ತು ಇದೆ. ಗಾಡಿ ಮೂಲ ಸ್ವರೂಪದಲ್ಲೇ ಇರಬೇಕು, ಚೇಸಿಸ್ಸು, ಮೈ, ಇಂಜಿನುಗಳಲ್ಲಿ ಮಾರ್ಪಾಡು ಆಗಿರಬಾರದು. ಇಂಗ್ಲೆಂಡಿನ ಟ್ರಯಂಫ್ ಸ್ಟ್ಯಾಗ್ ಕಾರಿನ ಕಥೆ ಇಲ್ಲಿ ನೆನಪಾಗುತ್ತದೆ. ಅದರ ಸ್ವಂತ ಇಂಜಿನು ಕುದಿದು ಕೆಡುತ್ತದೆಂದು ಬೇಸತ್ತ ಅನೇಕ ಮಾಲಿಕರು ಅದನ್ನು ಎಸೆದು ರೋವರ್ ಇಂಜಿನು ಹಾಕಿಸಿದರು. ಕಾರು ಹಳತಾಗಿ ಬೆಲೆ ಬಂದ ಮೇಲೆ ಕೊಳ್ಳುವವರು ಕೇಳತೊಡಗಿದ್ದು ಆ ಕುದಿಯುವ ಇಂಜಿನನ್ನೇ.

ಆದುದರಿಂದ ಹಳೆಯ ಜೀಪು ಕೊಳ್ಳಹೊರಟವರು ಬಣ್ಣ ನೋಡುವ ಮೊದಲು ಒಂದು ಹಳೆಬಟ್ಟೆಗೆ ಸ್ವಲ್ಪ ಡೀಸೆಲು ಹಚ್ಚಿ ಇಂಜಿನಿನ ಮೈಯ ಮಸಿಯನ್ನು ಒರಸಿ, ಅಲ್ಲಿ ಕೊರೆದ ಅಂಕೆಗಳನ್ನು ಪುಸ್ತಕದೊಂದಿಗೆ ಒಂದೊಂದಾಗಿ ತಾಳೆ ನೋಡುವುದು ಒಳ್ಳೆಯದು. ತಂದೆಯ ಕಾಲದ ಜೀಪು ಮನೆಯಲ್ಲಿರುವವರು ಅಡಿಕೆ ಕೊಟ್ಟಿಗೆಯ ಮೂಲೆಯನ್ನೂ ಒಮ್ಮೆ ನೋಡಲಿ. ಡೀಸೆಲು ಹಾಕಿಸಿದ ದಿನ ಬಿಚ್ಚಿ ಇಟ್ಟ ಹರಿಕೇನ್ ಇಂಜಿನು ಗೋಣಿಯಡಿಯಲ್ಲಿ ತುಕ್ಕು ಹಿಡಿದು ಬಿದ್ದಿರಬಹುದು. ಅದರ ಮೇಲೆ ಕೊರೆದಿರುವುದೇ ಪುಸ್ತಕದಲ್ಲಿರುವ ನಂಬ್ರ. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೇಳಿದರೆ ಕೊಡಬೇಡಿ.